ಟ್ಯಾಂಕಿನಿಂದ ಹೋಗುವ ಗ್ಯಾಸು: ಕಂಡುಹಿಡಿಯುವುದು ಹೇಗೆ, ಅಳೆಯುವುದು ಹೇಗೆ? ಬಳ್ಳಾರಿ–ರಾಯಚೂರು–ಕೊಪ್ಪಳ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತೌಡೆಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟು, ಉಕ್ಕಿನ ಕಾರ್ಖಾನೆ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು, ಎಣ್ಣೆ ಡಿಪೋ – ಇಂಥ ಕಡೆಗಳಲ್ಲಿ ಗ್ಯಾಸ್ ಮೀಟರ್ ಹಿಡಿದು ಓಡಾಡುವ ಕೆಲಸ ನನ್ನದು. ಗೇಟಿನ ಮುಂದಿನ ಚಹಾದಂಗಡಿಯಲ್ಲಿ, ಆಪರೇಟರ್‌ಗಳ ತರಬೇತಿಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲಿಗೆ

ಟ್ಯಾಂಕ್ ಮುಚ್ಚೇ ಇರ್ತೈತಲ್ರಿ, ಗ್ಯಾಸ್ ಹೆಂಗ ಹೊರಗ ಬರ್ತೈತಿ?

ಮಾಮೂಲಿ ಟ್ಯಾಂಕನ್ನು ಪೂರ್ತಿ ಮುಚ್ಚುವಂತಿಲ್ಲ. ಮುಚ್ಚಿ ಪಂಪಿನಿಂದ ದ್ರವ ಎಳೆದರೆ ಒಳಗೆ ನಿರ್ವಾತವಾಗಿ ತಗಡು ಒಳಕ್ಕೆ ಕುಸಿಯುತ್ತದೆ, ತುಂಬಿಸಿದರೆ ಮೇಲ್ಛಾವಣಿ ಉಬ್ಬುತ್ತದೆ. ಅದಕ್ಕೇ ವೆಂಟ್ ಪೈಪು ಅಥವಾ ಬ್ರೀದರ್ ವಾಲ್ವ್ ಇಡುತ್ತಾರೆ. ಅದರ ಮೂಲಕ ಆವಿ ಎರಡು ರೀತಿಯಲ್ಲಿ ಹೊರಬೀಳುತ್ತದೆ. ಟ್ಯಾಂಕರಿನಿಂದ 20 ಸಾವಿರ ಲೀಟರ್ ಇಳಿಸಿದಿರಿ ಎನ್ನಿ, ಒಳಗಿದ್ದ ಅಷ್ಟೇ ಗಾತ್ರದ ಆವಿ–ಗಾಳಿ ಹೊರಗೆ ಹೋಗಲೇಬೇಕು. ಇದು ತುಂಬಿಸುವಾಗಿನ ನಷ್ಟ. ಯಾರೂ ಏನೂ ಮುಟ್ಟದಿದ್ದರೂ ಹಗಲು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಇದು ಉಸಿರಾಟದ ನಷ್ಟ.

ಇವೆರಡೂ ಸೋರಿಕೆ ಅಲ್ಲ, ಟ್ಯಾಂಕಿನ ಸ್ವಭಾವ. ಡಿಪ್ ಹ್ಯಾಚಿನ (ಕೋಲು ಇಳಿಸಿ ದ್ರವದ ಮಟ್ಟ ನೋಡುವ ಬಾಯಿ) ಗ್ಯಾಸ್ಕೆಟ್ ಹರಿದಿರುವುದು, ಬ್ರೀದರ್ ವಾಲ್ವಿನ ತಟ್ಟೆ ಧೂಳು ಹಿಡಿದು ಕೂರದಿರುವುದು, ಪೈಪು ಜೋಡಿಸುವ ಫ್ಲೇಂಜಿನ ಬೋಲ್ಟ್ ಸಡಿಲಾಗಿರುವುದು ಸೋರಿಕೆ. "ಲೀಕ್ ಇಲ್ಲ" ಎಂದು ಮ್ಯಾನೇಜರ್ ಹೇಳಿದಾಗ ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೂ ಗ್ಯಾಸು ಹೋಗುತ್ತಿರಬಹುದು.

ವಾಸನಿ ಬಂದ್ರ ಅಪಾಯ, ಬರಲಿಲ್ಲಾಂದ್ರ ಚಿಂತಿ ಇಲ್ಲ – ಹಿಂಗ ತಿಳ್ಕೊಂಡ್ರ ನಡೀತೈತೇನು?

ನಡೆಯುವುದಿಲ್ಲ. ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿನ ಗ್ಯಾಸಿನಲ್ಲಿ ಐದನೇ ಒಂದು ಭಾಗಕ್ಕೂ ಮಿಕ್ಕಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಈ ಗ್ಯಾಸು ತುಂಬಿಡುವ ಗ್ಯಾಸ್ ಹೋಲ್ಡರ್ ಹತ್ತಿರ ಕೆಲಸ ಮಾಡುವವರ ಎದೆಯ ಮೇಲೆ ಸದಾ ಒಂದು ಮೀಟರ್ ಇರುವುದು ಇದಕ್ಕಾಗಿಯೇ.

ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಫರ್ನೇಸ್ ಆಯಿಲ್ ಟ್ಯಾಂಕಿನ ಮೇಲ್ಭಾಗದಲ್ಲಿ, ತ್ಯಾಜ್ಯನೀರಿನ ಟ್ಯಾಂಕಿನಲ್ಲಿ ಅದು ಸೇರಿಕೊಳ್ಳುತ್ತದೆ. ಬಹಳ ಕಡಿಮೆ ಇದ್ದಾಗಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ರಪ್ಪನೆ ಹೊಡೆಯುತ್ತದೆ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಸುತ್ತಮುತ್ತ ಮುಟ್ಟಿದರೆ ಮೂಗಿನ ಶಕ್ತಿಯೇ ಸತ್ತು ವಾಸನೆ ನಿಲ್ಲುತ್ತದೆ. "ಈಗ ಹೋಯ್ತು" ಎಂದುಕೊಂಡು ಒಳಗೆ ಬಗ್ಗಿದವನು ಏಳುವುದಿಲ್ಲ. ಇನ್ನು ಕೆಲವು ವಾಸನೆಗಳು ಜೋರಾಗಿದ್ದರೂ ಪ್ರಮಾಣ ತೀರ ಕಡಿಮೆ ಇರುತ್ತದೆ. ಮೂಗು ಎಚ್ಚರಿಸಬಲ್ಲದು, ಅಳೆಯಲಾರದು.

ನಮ್ಮೂರಿಗೆ ರಾತ್ರಿ ಮಾತ್ರ ವಾಸನೆ ಬರುತ್ತೆ. ಕಂಪನಿಯವರು ಕತ್ತಲಾದ ಮೇಲೆ ಬಿಡ್ತಾರೆ, ಹೌದಲ್ವಾ?

ಬಿಡುತ್ತಿರಲೂಬಹುದು. ಆದರೆ ಬಿಡದೆಯೂ ರಾತ್ರಿ ವಾಸನೆ ಹೆಚ್ಚುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಮಧ್ಯಾಹ್ನ ನೆಲ ಕಾದು ಗಾಳಿ ಮೇಲಕ್ಕೆ ಏಳುತ್ತದೆ, ಬಿಟ್ಟ ಗ್ಯಾಸು ಅದರೊಂದಿಗೆ ಮೇಲೆ ಹೋಗಿ ತೆಳುವಾಗುತ್ತದೆ. ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಚಳಿಗಾಲದ ಮೋಡವಿಲ್ಲದ ರಾತ್ರಿಗಳಲ್ಲಿ, ನೆಲದ ಹತ್ತಿರದ ಗಾಳಿ ತಣ್ಣಗಾಗಿ ಭಾರವಾಗಿ ಅಲ್ಲೇ ಕೂರುತ್ತದೆ. ಹಗಲಿನಷ್ಟೇ ಗ್ಯಾಸು, ಹರಡಲು ಜಾಗ ಮಾತ್ರ ಕಡಿಮೆ. ಬೆಳಗಿನ ಜಾವ ವಾಸನೆ ಗಟ್ಟಿಯಾಗಿರುವುದು ಹೀಗೆ.

ಎರಡನ್ನೂ ಬೇರ್ಪಡಿಸಲು ಒಂದು ನೋಟ್‌ಬುಕ್ ಸಾಕು. ವಾಸನೆ ಬಂದ ದಿನ, ಗಂಟೆ, ಗಾಳಿ ಯಾವ ಕಡೆಯಿಂದ, ಎಂಥ ವಾಸನೆ, ಎಷ್ಟು ಹೊತ್ತು ಎಂದು ಬರೆಯಿರಿ. ಗಾಳಿಯ ದಿಕ್ಕಿಗೆ ಒಂದು ತೆಳು ಬಟ್ಟೆ ಕಟ್ಟಿದ ಕೋಲು ಮಾಳಿಗೆಯ ಮೇಲೆ ನಿಲ್ಲಿಸಿ. ಶಾಂತ ರಾತ್ರಿಗಳಲ್ಲೆಲ್ಲ ಬಂದರೆ ಹವೆಯ ಕೈವಾಡ ದೊಡ್ಡದು. ವಾರದ ನಿರ್ದಿಷ್ಟ ದಿನ, ನಿರ್ದಿಷ್ಟ ಗಂಟೆಗೆ ಥಟ್ಟನೆ ಬಂದು ಥಟ್ಟನೆ ನಿಂತರೆ ಅಲ್ಲಿ ಯಾರದೋ ಕೈ ಇದೆ – ಟ್ಯಾಂಕರ್ ಖಾಲಿ ಮಾಡುವ ಸಮಯವೂ ಅದೇ ಇರಬಹುದು.

ಬ್ಯಾಸಗ್ಯಾಗ ಹೆಕ್ಸೇನ್ ಹೆಚ್ಚು ಹಾರ್ತದ ಅಂತಾರ. ಎಷ್ಟು ಫರಕ್ ಬೀಳ್ತದ?

ಹೆಕ್ಸೇನ್ ಎಂದರೆ ಸಾಲ್ವೆಂಟ್ ಪ್ಲಾಂಟಿನಲ್ಲಿ ತೌಡಿನ ಎಣ್ಣೆ ಕರಗಿಸಿ ತೆಗೆಯಲು ಬಳಸುವ, ಬೇಗ ಆವಿಯಾಗುವ ದ್ರವ. ಲೆಕ್ಕ ಹಾಕಿಯೇ ನೋಡೋಣ, ಯಾಕೆಂದರೆ ಇದು ಎಲ್ಲರೂ ಬಾಯಿಮಾತಿನಲ್ಲಿ ಮುಗಿಸುವ ವಿಷಯ. 25 ಡಿಗ್ರಿಯಲ್ಲಿ ಹೆಕ್ಸೇನಿನ ಆವಿ ಒತ್ತಡ (ದ್ರವ ಎಷ್ಟರ ಮಟ್ಟಿಗೆ ಆವಿಯಾಗಬಲ್ಲದು ಎಂಬ ಅಳತೆ) ಸುಮಾರು 150 ಮಿಲಿಮೀಟರ್ ಪಾದರಸ. 35ಕ್ಕೆ ಅದು 230ರ ಹತ್ತಿರ, 42ಕ್ಕೆ 300. ಹಾಗಾಗಿ ಆವಿ ಪೂರ್ತಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 25 ಡಿಗ್ರಿಗೆ 0.7 ಕೆಜಿ, 35ಕ್ಕೆ 1 ಕೆಜಿ, 42ಕ್ಕೆ 1.3 ಕೆಜಿ ಹೆಕ್ಸೇನ್ ಇರುತ್ತದೆ. 20 ಸಾವಿರ ಲೀಟರಿನ ಒಂದು ಟ್ಯಾಂಕರ್ ಇಳಿಸಿದರೆ ವೆಂಟಿನಿಂದ ಹೋಗುವುದು ಕ್ರಮವಾಗಿ 14, 20, 26 ಕೆಜಿ. ಒಂದೇ ಟ್ಯಾಂಕರ್, ಒಂದೇ ಪೈಪು. ಚಳಿಗಾಲದ ಬೆಳಿಗ್ಗೆಯ ಬದಲು ಮೇ ತಿಂಗಳ ಮಧ್ಯಾಹ್ನ ಇಳಿಸಿದ್ದಕ್ಕೆ ನಷ್ಟ ಹೆಚ್ಚುಕಡಿಮೆ ಇಮ್ಮಡಿ. (ಇಲ್ಲಿ ಹೇಳಿದ ಬಿಸಿ ಟ್ಯಾಂಕಿನೊಳಗಿನದು, ಹೊರಗಿನ ಹವೆಯದಲ್ಲ.)

ಉಸಿರಾಟದ ನಷ್ಟದಲ್ಲಿ ಇನ್ನೊಂದು ಸಂಗತಿ ಇದೆ. ನೆಲದ ಮೇಲಿನ ಟ್ಯಾಂಕಿನಲ್ಲಿ 50 ಘನ ಮೀಟರ್ ಖಾಲಿ ಜಾಗವಿದ್ದು, ಅದು 27ರಿಂದ 37 ಡಿಗ್ರಿಗೆ ಕಾದರೆ ಗಾಳಿ ಹಿಗ್ಗುವುದರಿಂದ ಹೊರಹೋಗುವುದು ಶೇ. 3ರಷ್ಟು ಮಾತ್ರ. ಹೊಸದಾಗಿ ಎದ್ದ ಹೆಕ್ಸೇನ್ ಆವಿ ತಳ್ಳುವುದು ಶೇ. 16ರ ಸುಮಾರು. ಎರಡೂ ಸೇರಿ ದಿನಕ್ಕೆ 10 ಘನ ಮೀಟರ್, ಅಂದರೆ 9 ಕೆಜಿ ಆಸುಪಾಸು – ವೆಂಟ್ ಬಾಯಿ ಸುಮ್ಮನೆ ತೆರೆದಿದ್ದರೆ.

ನಮ್ಮ ಹೆಕ್ಸೇನ್ ಟ್ಯಾಂಕ್ ನೆಲದೊಳಗ ಐತ್ರಿ. ನಮಗ ಇದ್ಯಾವ್ದೂ ಇಲ್ಲಲ್ಲ?

ಉಸಿರಾಟದ ನಷ್ಟ ಬಹುತೇಕ ಇಲ್ಲ. ಮಣ್ಣಿನ ಬಿಸಿ ಹಗಲು–ರಾತ್ರಿ ಹೆಚ್ಚು ಏರಿಳಿಯುವುದಿಲ್ಲ. ಟ್ಯಾಂಕರ್ ಇಳಿಸುವಾಗಿನ ನಷ್ಟ ಮಾತ್ರ ಹಾಗೇ ಇರುತ್ತದೆ. ಪ್ಲಾಂಟ್ ಒಳಗಿನ ವರ್ಕ್ ಟ್ಯಾಂಕ್ ಮತ್ತು ಪ್ಲಾಂಟಿನ ಗಾಳಿ ಕೊನೆಗೆ ಹೊರಬೀಳುವ ವೆಂಟು ಬೇರೆ ಲೆಕ್ಕ.

## ಮೀಟರ್ ಕೈಗೆ ಬಂದ ಮೇಲೆ

ಒಂದೇ ಮೀಟರ್ ತಗೊಳ್ಳೋಕೆ ದುಡ್ಡಿದೆ. ಯಾವುದು ತಗೋಬೇಕು?

ಏನನ್ನು ಅಳೆಯುತ್ತೀರಿ ಎಂದು ಮೊದಲು ಹೇಳಿ. ಅಂಗಡಿಯವರು ಈ ಪ್ರಶ್ನೆ ಕೇಳದೆ ಮಾರಿಬಿಡುತ್ತಾರೆ.

ಬೆಂಕಿಯ ಭಯಕ್ಕೆ ಇರುವುದು ಎಲ್‌ಇಎಲ್ ಮೀಟರ್. ಗಾಳಿಯಲ್ಲಿ ಎಷ್ಟು ಆವಿ ಸೇರಿದರೆ ಹೊತ್ತಿಕೊಳ್ಳುತ್ತದೋ ಆ ಕೆಳಮಿತಿಯನ್ನು 100 ಎಂದಿಟ್ಟು, ಅದರಲ್ಲಿ ಶೇಕಡಾ ಎಷ್ಟು ಎಂದು ತೋರಿಸುತ್ತದೆ. ಒಳಗಿನ ಸಣ್ಣ ಬಿಸಿ ಮಣಿಯ ಮೇಲೆ ಆವಿ ಉರಿಯುತ್ತದೆ. ಆದ್ದರಿಂದ ಅದಕ್ಕೆ ಆಮ್ಲಜನಕ ಬೇಕು; ಸಿಲಿಕೋನ್ ಸ್ಪ್ರೇ ತಾಗಿದರೆ ಆ ಮಣಿ ಸದ್ದಿಲ್ಲದೆ ಕೆಡುತ್ತದೆ.

ಆರೋಗ್ಯದ ಭಯಕ್ಕೆ, ಸಣ್ಣ ಸೋರಿಕೆ ಹುಡುಕಲಿಕ್ಕೆ ಪಿಐಡಿ ಬೇಕು. ಅತಿನೇರಳೆ ದೀಪದ ಬೆಳಕಿನಿಂದ ಅಣುಗಳನ್ನು ವಿದ್ಯುದಾವೇಶಗೊಳಿಸಿ ಪಿಪಿಎಂ ಲೆಕ್ಕದಲ್ಲಿ ಎಣಿಸುತ್ತದೆ. ಸಾಮಾನ್ಯವಾಗಿ ಬರುವ 10.6 ಇಲೆಕ್ಟ್ರಾನ್ ವೋಲ್ಟ್ ದೀಪಕ್ಕೆ ಬೆಂಜೀನ್, ಟಾಲ್ವೀನ್, ಹೆಕ್ಸೇನ್ ಕಾಣುತ್ತವೆ. ಮೀಥೇನ್ ಕಾಣುವುದೇ ಇಲ್ಲ, ಯಾಕೆಂದರೆ ಅದಕ್ಕೆ 12.6 ಬೇಕು. ಬಯೋಗ್ಯಾಸ್ ಟ್ಯಾಂಕಿನ ಮೇಲೆ ಪಿಐಡಿ ಹಿಡಿದು "ಏನೂ ಇಲ್ಲ" ಎಂದು ಬರೆದ ವರದಿಗಳನ್ನು ನೋಡಿದ್ದೇನೆ. ಮೀಥೇನಿಗೆ ಎಫ್‌ಐಡಿ, ಇಲ್ಲವೇ ಲೇಸರ್ ಮೀಟರ್ ಬೇಕು. ಎಫ್‌ಐಡಿಯಲ್ಲಿ ಹೈಡ್ರೋಜನ್ ಜ್ವಾಲೆ ಇರುವುದರಿಂದ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುವಂತಿಲ್ಲ.

ಸಾಲ್ವೆಂಟ್ ಪ್ಲಾಂಟಿಗೆ ನನ್ನ ಸಲಹೆ: ಮೊದಲು ಎಲ್‌ಇಎಲ್, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕೂ ಇರುವ ಮೀಟರ್. ಪಿಐಡಿ ಬಾಡಿಗೆಗೆ ಸಿಗುತ್ತದೆ.

ಮೀಟರ್ ಸೊನ್ನಿ ತೋರಸ್ತದ, ಹುಡುಗರು ತಲಿ ನೋಯ್ತದ ಅಂತಾರ. ಯಾರ ಮಾತು ನಂಬಬೇಕ್ರಿ?

ಹುಡುಗರ ಮಾತು. ಹೆಕ್ಸೇನ್ ಹೊತ್ತಿಕೊಳ್ಳುವ ಕೆಳಮಿತಿ ಗಾಳಿಯ ಶೇ. 1.1, ಅಂದರೆ 11,000 ಪಿಪಿಎಂ. ಎಲ್‌ಇಎಲ್ ಮೀಟರಿನ ಒಂದು ಅಂಕ ಏರಬೇಕಾದರೆ 110 ಪಿಪಿಎಂ ಬೇಕು. ಎಂಟು ತಾಸಿನ ಕೆಲಸಕ್ಕೆ ಹೆಕ್ಸೇನಿಗೆ ಹಲವೆಡೆ ಬಳಸುವ ಮಿತಿ 50 ಪಿಪಿಎಂ. ಮಿತಿಯ ಎರಡು ಪಟ್ಟು ಇದ್ದರೂ ಆ ಮೀಟರ್ ಸೊನ್ನೆಯನ್ನೇ ತೋರಿಸಬಹುದು. ಸೈರನ್ ಕೂಗುವ 10ರ ಅಂಕಕ್ಕೆ 1,100 ಪಿಪಿಎಂ!

ಹೆಕ್ಸೇನ್ ವರ್ಷಗಟ್ಟಲೆ ಉಸಿರಿಗೆ ಹೋದರೆ ಕೈಕಾಲಿನ ನರಗಳು ಸೊರಗುತ್ತವೆ. ಪಾದ ಜೋಮು ಹಿಡಿಯುವುದು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಿರುವುದು ಮೊದಲ ಸೂಚನೆ. ಇಂಥವರು ಕಂಡರೆ ಡಾಕ್ಟರಿಗೆ ತೋರಿಸುವಾಗ ಕೆಲಸ ಎಲ್ಲಿ ಎಂದು ಹೇಳಲೇಬೇಕು, ಇಲ್ಲವಾದರೆ ಸಕ್ಕರೆ ಕಾಯಿಲೆಯ ಜೋಮು ಎಂದು ತಿಳಿದುಕೊಳ್ಳುವ ಸಾಧ್ಯತೆ ಇದೆ.

ಪಿಐಡಿ 100 ಪಿಪಿಎಂ ತೋರಿಸಿತು. ವರದಿಯಲ್ಲಿ ಹೆಕ್ಸೇನ್ 100 ಎಂದು ಬರೆಯಬಹುದೇ?

ಬರೆಯಬಾರದು. ಪಿಐಡಿಯನ್ನು ಐಸೋಬ್ಯುಟಿಲೀನ್ ಎಂಬ ಗ್ಯಾಸಿಗೆ ಹೊಂದಿಸಿರುತ್ತಾರೆ. ಹೆಕ್ಸೇನಿಗೆ 10.6 ದೀಪದಲ್ಲಿ ಸುಮಾರು 4.3ರಿಂದ ಗುಣಿಸಬೇಕು, ಅಂದರೆ ನಿಜವಾದ ಪ್ರಮಾಣ 430. ಟಾಲ್ವೀನ್ ಆದರೆ 0.5ರಿಂದ, ಅಂದರೆ 50. ಯಾವ ಗ್ಯಾಸು ಎಂದು ಗೊತ್ತಿಲ್ಲದೆ ಪಿಐಡಿ ಓದುವುದರಲ್ಲಿ ಅರ್ಥವಿಲ್ಲ. ಹಲವು ಆವಿಗಳು ಬೆರೆತಿದ್ದರೆ ಇದ್ದಿಲಿನ ನಳಿಕೆಯಲ್ಲಿ ಗಾಳಿ ಹಿಡಿದು ಒಂದೊಂದು ಆವಿಯನ್ನೂ ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಕಳಿಸುವುದೇ ದಾರಿ.

ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಮಾಡಿಸ್ತೀವಿ. ಸಾಕಲ್ವಾ?

ಸರ್ಟಿಫಿಕೇಟ್ ಆಡಿಟರಿಗೆ ಸಾಕು, ನಿಮ್ಮ ಜೀವಕ್ಕೆ ಸಾಲದು. ಪ್ರತಿ ದಿನ ಕೆಲಸಕ್ಕೆ ಮೊದಲು ಗೊತ್ತಿರುವ ಪ್ರಮಾಣದ ಗ್ಯಾಸನ್ನು ಒಂದು ಕ್ಷಣ ಊದಿ ಮೀಟರ್ ಎಚ್ಚರಗೊಳ್ಳುತ್ತದೆಯೇ ನೋಡಬೇಕು. ಬಂಪ್ ಟೆಸ್ಟ್ ಎನ್ನುವುದು ಇದನ್ನೇ.

ನಮ್ಮ ಕಡೆಗೆ ವಿಶೇಷವಾಗಿ ಹೇಳಬೇಕಾದದ್ದು ಕೆಂಪು ಧೂಳು. ಸಂಡೂರು–ತೋರಣಗಲ್ಲು ರಸ್ತೆಯ ಅದಿರಿನ ಧೂಳು ಮೀಟರಿನ ಬಾಯಿಯಲ್ಲಿರುವ ಬಿಳಿ ಫಿಲ್ಟರ್ ಬಿಲ್ಲೆಯನ್ನು ಬಹು ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗಿಸುತ್ತದೆ. ಪಂಪು ಎಳೆಯುತ್ತಿರುವ ಹಾಗೆ ಸದ್ದು ಮಾಡುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ. ಕೆಲವೇ ಕ್ಷಣದಲ್ಲಿ ಪಂಪಿನ ಸದ್ದು ಬಿಗಿದು ಅಲಾರಂ ಬರಬೇಕು. ಬರಲಿಲ್ಲವೆಂದರೆ ಕೊಳವೆಯಲ್ಲೇ ಎಲ್ಲೋ ಬಿರುಕಿದೆ, ನೀವು ಅಳೆಯುತ್ತಿರುವುದು ನಿಮ್ಮ ಸೊಂಟದ ಹತ್ತಿರದ ಗಾಳಿ. ಮತ್ತೆ, ಮೇ ತಿಂಗಳಲ್ಲಿ ಮೀಟರನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ರಾಯಚೂರಿನ ಬಿಸಿಲಿಗೆ ಸೆನ್ಸರ್ ಒಣಗುತ್ತದೆ.

ಸಾಬೂನು ನೀರು ಹಚ್ಚಿ ನೋಡೋದು ಹಳೇ ಪದ್ಧತಿ ಅಂತ ನಗ್ತಾರೆ. ಬಿಡಬೇಕಾ?

ಬಿಡಬೇಡಿ. ಒತ್ತಡ ಇರುವ ಪೈಪಿನ ಜೋಡಣೆಯಲ್ಲಿ ಸೋರಿಕೆಯ ಜಾಗವನ್ನು ಕರಾರುವಾಕ್ಕಾಗಿ ತೋರಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒತ್ತಡವೇ ಇಲ್ಲದ ವೆಂಟಿಗೆ, ಕೈಯಿಟ್ಟರೆ ಸುಡುವ ಪೈಪಿಗೆ ಇದು ನಡೆಯದು.

ಕೋಲ್ಡ್ ಸ್ಟೋರೇಜಿನ ಅಮೋನಿಯಾ ಸೋರಿಕೆ ಹೆಂಗ ಹಿಡೀಬೇಕು?

ಅಮೋನಿಯಾ ತಾನೇ ಕಣ್ಣು ಮೂಗಿಗೆ ಹೇಳಿಬಿಡುತ್ತದೆ. ಎಲ್ಲಿಂದ ಎಂಬುದೇ ಪ್ರಶ್ನೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಚೀಟಿಯನ್ನು ಪ್ರತಿ ವಾಲ್ವಿನ ಗ್ಲಾಂಡ್ ಹತ್ತಿರ ಹಿಡಿಯಿರಿ, ನೀಲಿಯಾದಲ್ಲಿ ಸೋರಿಕೆ. ಹಳೆಯ ಮೆಕ್ಯಾನಿಕ್‌ಗಳು ಗಂಧಕದ ಬತ್ತಿ ಹಚ್ಚಿ ಹಿಡಿಯುತ್ತಾರೆ. ಅಮೋನಿಯಾ ತಾಗಿದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ಸಣ್ಣ ಸೋರಿಕೆಗೆ ಸರಿ, ಜೋರು ಸೋರಿಕೆಯಲ್ಲಿ ಬೆಂಕಿ ಹಿಡಿದು ಹೋಗುವುದು ಹುಚ್ಚುತನ, ಗಾಳಿಯಲ್ಲಿ ಶೇ. 15 ದಾಟಿದರೆ ಅಮೋನಿಯಾವೂ ಉರಿಯುತ್ತದೆ. ಅದು ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಎಂದು ಪುಸ್ತಕ ಹೇಳುತ್ತದೆ. ದ್ರವ ರೂಪದಲ್ಲಿ ಚಿಮ್ಮಿದರೆ ಮಾತ್ರ ತಣ್ಣನೆಯ ಮಂಜಾಗಿ ನೆಲ ಹಿಡಿದು ಹರಿಯುತ್ತದೆ. ಗಾಳಿಗೆ ಅಡ್ಡಲಾಗಿ ಓಡಿ.

ಸರ್, ನಾವು ಡಿಪ್ಲೊಮಾ ವಿದ್ಯಾರ್ಥಿಗಳು. ಆರ್ಡುಯಿನೋ ಬೋರ್ಡಿಗೆ ಎಂಕ್ಯೂ-2 ಗ್ಯಾಸ್ ಸೆನ್ಸರ್ ಹಾಕಿ ಟ್ಯಾಂಕ್ ಮಾನಿಟರ್ ಮಾಡ್ತೀವಿ. ಓಕೆನಾ?

ಕಾಲೇಜಿನ ಪ್ರಾಜೆಕ್ಟಿಗೆ ಓಕೆ, ಟ್ಯಾಂಕಿನ ಹತ್ತಿರ ಬೇಡವೇ ಬೇಡ. ಆ ಸೆನ್ಸರಿನೊಳಗೆ ಹೀಟರ್ ಇದೆ, ನಿಮ್ಮ ಬೋರ್ಡಿಗೆ ಸ್ಫೋಟಕ ವಾತಾವರಣದಲ್ಲಿ ಬಳಸುವ ಪ್ರಮಾಣಪತ್ರ ಇಲ್ಲ. ಜೊತೆಗೆ ಅದಕ್ಕೆ ಎಲ್‌ಪಿಜಿಯೂ ಒಂದೇ, ಆಲ್ಕೋಹಾಲೂ ಒಂದೇ. ಗಾಳಿಯ ತೇವ ಹೆಚ್ಚಿದರೂ ಅಂಕಿ ಕುಣಿಯುತ್ತದೆ. ಕಾರ್ಖಾನೆಯ ಕಾಂಪೌಂಡಿನ ಆಚೆ ಗಾಳಿಯ ದಿಕ್ಕು, ವೇಗ, ಬಿಸಿ ದಾಖಲಿಸುವ ಪೆಟ್ಟಿಗೆ ಮಾಡಿ. ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾರೂ ಸರಿಯಾಗಿ ಮಾಡುತ್ತಿಲ್ಲ.

## ಟ್ಯಾಂಕಿನ ಮೇಲೆ, ಟ್ಯಾಂಕಿನ ಒಳಗೆ

ಟ್ಯಾಂಕ್ ಮೇಲೆ ಹತ್ತಿದ ಮೇಲೆ ಎಲ್ಲೆಲ್ಲಿ ಹಿಡಿಯಬೇಕು?

ಹತ್ತುವ ಮೊದಲು ಕೆಳಗೆ ನೋಡಿ. ಹೆಕ್ಸೇನ್ ಆವಿ ಗಾಳಿಯ ಮೂರು ಪಟ್ಟು ಭಾರ. ಟ್ಯಾಂಕಿನ ಸುತ್ತಲಿನ ಕಟ್ಟೆಯ ಒಳಗೆ, ಕೇಬಲ್ ಟ್ರೆಂಚಿನಲ್ಲಿ, ಮಳೆನೀರಿನ ಚರಂಡಿಯಲ್ಲಿ ಹರಿದು ದೂರ ಹೋಗುತ್ತದೆ. ಕೊಳವೆಯನ್ನು ಹಿಮ್ಮಡಿಯ ಎತ್ತರಕ್ಕೆ ಇಳಿಸಿ ಅಳೆಯಿರಿ. 2009ರ ಅಕ್ಟೋಬರ್ 29ರಂದು ಜೈಪುರದ ಎಣ್ಣೆ ಡಿಪೋದಲ್ಲಿ ಸೋರಿದ ಪೆಟ್ರೋಲಿನ ಆವಿ ಒಂದು ತಾಸಿಗೂ ಹೆಚ್ಚು ಹೊತ್ತು ಹೀಗೇ ನೆಲ ಹಿಡಿದು ಹರಡಿ, ಕಿಡಿ ತಾಗಿದಾಗ ಇಡೀ ಡಿಪೋ ಹೊತ್ತಿತು.

ಮೇಲೆ ಹೋದಾಗ ಡಿಪ್ ಹ್ಯಾಚಿನ ಅಂಚು, ಬ್ರೀದರ್ ವಾಲ್ವಿನ ತಟ್ಟೆ, ಮ್ಯಾನ್‌ಹೋಲಿನ ಗ್ಯಾಸ್ಕೆಟ್, ಲೆವೆಲ್ ಗೇಜಿನ ತೂತು, ಛಾವಣಿಯ ತುಕ್ಕು ಹಿಡಿದ ವೆಲ್ಡಿಂಗ್. ಕೊಳವೆಯ ತುದಿಯನ್ನು ಜೋಡಣೆಗೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ಸುತ್ತ ಒಯ್ಯಿರಿ. ಅಂಕಿ ಏರಿದಲ್ಲಿ ನಿಂತು, ಮೀಟರ್ ಸ್ಪಂದಿಸಲು ತೆಗೆದುಕೊಳ್ಳುವ ಸಮಯದ ಎರಡರಷ್ಟು ಹೊತ್ತು ಕಾಯಿರಿ. ಗಾಳಿ ಬೆನ್ನಿಗಿರಲಿ. ಟ್ಯಾಂಕ್ ತುಂಬಿಸಿದ ಕೂಡಲೇ ಹ್ಯಾಚ್ ತೆಗೆದು ಡಿಪ್ ಹಾಕಬೇಡಿ. ಹೆಕ್ಸೇನ್ ಹರಿಯುವಾಗ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ, ಅದು ಇಳಿಯಲು ಅರ್ಧ ತಾಸಾದರೂ ಬಿಡಬೇಕು.

ಕ್ಲೀನಿಂಗಿಗೆ ಒಳಗೆ ಇಳಿಯೋ ಮುಂಚೆ ಎಲ್‌ಇಎಲ್ ನೋಡಿದ್ವಿ, ಸೊನ್ನೆ ಬಂತು. ಇಳೀಬಹುದಾ?

ಇಷ್ಟರಿಂದ ಇಳಿಯುವಂತಿಲ್ಲ. ಮೊದಲು ಆಮ್ಲಜನಕ, ಆಮೇಲೆ ಎಲ್‌ಇಎಲ್, ಕೊನೆಗೆ ವಿಷಾನಿಲ – ಈ ಸರದಿ ತಪ್ಪಬಾರದು. ಒಳಗೆ ನೈಟ್ರೋಜನ್ ತುಂಬಿದ್ದರೆ ಮಣಿಯ ಮೇಲೆ ಉರಿಯಲು ಆಮ್ಲಜನಕವೇ ಇಲ್ಲ, ಆವಿ ತುಂಬಿದ್ದರೂ ಮೀಟರ್ ಸೊನ್ನೆಯ ಹತ್ತಿರ ನಿಲ್ಲಬಹುದು. ಆವಿ ತೀರ ದಟ್ಟವಾಗಿದ್ದಾಗಲೂ ಹಾಗೇ: ಅಂಕಿ ಒಮ್ಮೆ ಸರಕ್ಕನೆ ಏರಿ ಬಿದ್ದುಬಿಡುತ್ತದೆ. ಆ ಒಂದು ಏರು ಕಂಡರೆ ಬಾಯಿಂದ ದೂರ ಸರಿಯಿರಿ.

ಆಮ್ಲಜನಕ ಕನಿಷ್ಠ ಶೇ. 19.5 ಇರಬೇಕು. ಮೇಲೆ, ನಡುವೆ, ತಳ ಮೂರೂ ಕಡೆ ಉದ್ದ ಕೊಳವೆ ಬಿಟ್ಟು ನೋಡಬೇಕು, ಒಳಗಿರುವಷ್ಟು ಹೊತ್ತೂ ಅಳೆಯುತ್ತಲೇ ಇರಬೇಕು. ತಳದ ರೊಚ್ಚು ಕೆದಕಿದಾಗ ಹೊಸ ಆವಿ ಏಳುತ್ತದೆ. ಒಳಗೆ ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯುವುದು ನಮ್ಮಲ್ಲಿ ಹೆಚ್ಚು ಜೀವ ತೆಗೆದಿದೆ.

ಹೆಕ್ಸೇನ್ ಟ್ಯಾಂಕ್ ಡೇಂಜರ್ರೋ ಎಥನಾಲ್ ಟ್ಯಾಂಕ್ ಡೇಂಜರ್ರೋ?

ಕೇಳಿದವರು ಹೆಕ್ಸೇನ್ ಎಂಬ ಉತ್ತರ ನಿರೀಕ್ಷಿಸುತ್ತಾರೆ. ಟ್ಯಾಂಕಿನ ಹೊರಗೆ ಅದೇ ಸರಿ. ಒಳಗಿನ ಮಾತು ಬೇರೆ. ಹೆಕ್ಸೇನ್ ಶೇ. 1.1ರಿಂದ 7.5ರವರೆಗೆ ಹೊತ್ತಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಟ್ಯಾಂಕಿನೊಳಗೆ ಶೇ. 20ರಷ್ಟು ಆವಿ ಇರುವುದರಿಂದ ಅಲ್ಲಿ ಉರಿಯಲು ಗಾಳಿಯೇ ಸಾಲದು. ಎಥನಾಲ್ ಶೇ. 3.3ರಿಂದ 19ರವರೆಗೆ ಹೊತ್ತುತ್ತದೆ. 20 ಡಿಗ್ರಿಯಲ್ಲಿ ಅದರ ಆವಿ ಶೇ. 6ರ ಸುಮಾರು, ಅಂದರೆ ಸರಿಯಾಗಿ ಬೆಂಕಿಯ ಪಟ್ಟಿಯ ಒಳಗೆ. ನಮ್ಮ ವರ್ಷದ ಬಹುಪಾಲು ದಿನಗಳಲ್ಲಿ ಎಥನಾಲ್ ಟ್ಯಾಂಕಿನ ಒಳಭಾಗವೇ ಕಿಡಿಗಾಗಿ ಕಾದಿರುತ್ತದೆ. ಹೊರಗಿನ ಬೆಂಕಿ ಒಳಗೆ ಹೋಗದಂತೆ ತಡೆಯುವ, ವೆಂಟಿನ ಫ್ಲೇಮ್ ಅರೆಸ್ಟರ್ ಜಾಲರಿ ಹರಿದಿದೆಯೇ, ಯಾರಾದರೂ ತೆಗೆದಿಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕಾದ್ದು ಅಲ್ಲಿ.

ವಿಶಾಖಪಟ್ಟಣದಾಗ ಆದಂಗ ನಮ್ಮಲ್ಲೂ ಆಗಬಹುದೇನು? ಗ್ಯಾಸ್ ಮೀಟರ್ ಇದ್ರ ತಪ್ಪಿಸಬಹುದಿತ್ತಾ?

ಗ್ಯಾಸ್ ಮೀಟರ್ ಕೂಗುವ ಹೊತ್ತಿಗೆ ತಡವಾಗಿರುತ್ತಿತ್ತು. 2020ರ ಮೇ 7ರ ನಸುಕಿನಲ್ಲಿ ಅಲ್ಲಿನ ಸ್ಟೈರೀನ್ (ಪ್ಲಾಸ್ಟಿಕ್ ತಯಾರಿಸುವ ದ್ರವ) ಟ್ಯಾಂಕಿನಿಂದ ಆವಿ ಹೊರಬಿತ್ತು. ಲಾಕ್‌ಡೌನಿನಲ್ಲಿ ಸರಕು ಹಾಗೇ ನಿಂತು ಒಳಗೆ ತಾನೇ ಪಾಲಿಮರ್ ಆಗುತ್ತ ಬಿಸಿಯೇರಿತ್ತು. ತಾಪಮಾನ ಅಳೆಯುತ್ತಿದ್ದದ್ದು ತಳದಲ್ಲಿ ಮಾತ್ರ. ಮೇಲಿನ ಪದರ ಕಾದದ್ದು ತಿಳಿಯಲಿಲ್ಲ. ಭೋಪಾಲದಲ್ಲೂ 1984ರಲ್ಲಿ ಟ್ಯಾಂಕನ್ನು ತಂಪು ಮಾಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು.

ತಾನಾಗಿ ಬಿಸಿಯೇರುವ ರಾಸಾಯನಿಕ ಇಟ್ಟುಕೊಂಡವರಿಗೆ ಟ್ಯಾಂಕಿನ ಮೇಲೆ, ನಡುವೆ, ಕೆಳಗೆ ಮೂರು ಥರ್ಮಾಮೀಟರ್ ಬೇಕು. ಹೆಕ್ಸೇನ್, ಡೀಸೆಲ್, ಎಥನಾಲ್ ಹಾಗೆ ತಾನಾಗಿ ಕಾಯುವುದಿಲ್ಲ.

## ಎಷ್ಟು ಕೆಜಿ?

ಪಿಪಿಎಂ ಸಿಕ್ಕಿತು. ಇದರಿಂದ ವರ್ಷಕ್ಕೆ ಇಷ್ಟು ಕೆಜಿ ಎಂದು ಹೇಳುವುದು ಹೇಗೆ?

ಪಿಪಿಎಂ ಒಂದರಿಂದಲೇ ಹೇಳಲಾಗದು. ನನಗೆ ಬರುವ ಅರ್ಧ ವರದಿಗಳು ಇಲ್ಲೇ ಹಳಿ ತಪ್ಪುತ್ತವೆ. ಪಿಪಿಎಂ ಎಂದರೆ ಆ ಜಾಗದ ಗಾಳಿಯಲ್ಲಿ ಎಷ್ಟು ಬೆರೆತಿದೆ ಎಂಬ ಮಾತು. ಕಾಲುವೆಯ ನೀರು ಎಷ್ಟು ಕೆಂಪಾಗಿದೆ ಎಂದು ಹೇಳಿದರೆ ಎಷ್ಟು ಮಣ್ಣು ಹರಿದುಹೋಯಿತು ಎಂದು ತಿಳಿಯುವುದಿಲ್ಲ. ಹರಿವು ಎಷ್ಟು ಎಂಬುದೂ ಬೇಕು. ವೆಂಟಿನಿಂದ ತಾಸಿಗೆ ಎಷ್ಟು ಘನ ಮೀಟರ್ ಹೋಗುತ್ತಿದೆ, ಅದರಲ್ಲಿ ಆವಿ ಎಷ್ಟು – ಎರಡನ್ನೂ ಗುಣಿಸಬೇಕು.

ತುಂಬಿಸುವಾಗ ಹರಿವು ಸುಲಭ, ಇಳಿಸಿದ ಲೀಟರಿನಷ್ಟೇ. ಉಸಿರಾಟದಲ್ಲಿ ಕಷ್ಟ, ಹರಿವು ತೀರ ನಿಧಾನ, ಮೋಡ ಬಂದರೆ ನಿಲ್ಲುತ್ತದೆ, ಸಂಜೆ ಉಲ್ಟಾ ಹೊಡೆಯುತ್ತದೆ. ಮಧ್ಯಾಹ್ನ ಹತ್ತು ನಿಮಿಷ ಅಳೆದು 8,760 ತಾಸಿಗೆ ಗುಣಿಸಿದರೆ ಸಿಗುವುದು ಕಟ್ಟುಕತೆ. ಹಾಗಾಗಿ ಬಹುತೇಕ ಕಡೆ ಅಮೆರಿಕದ ಪರಿಸರ ಸಂಸ್ಥೆಯ ಎಪಿ-42 ಸಂಗ್ರಹದ 7ನೇ ಅಧ್ಯಾಯದ ಸೂತ್ರಗಳನ್ನು ಬಳಸುತ್ತಾರೆ. ಟ್ಯಾಂಕಿನ ಅಳತೆ, ಬಣ್ಣ, ಬಿಸಿಲು, ಹಗಲು–ರಾತ್ರಿಯ ಬಿಸಿಯ ಅಂತರ, ವರ್ಷಕ್ಕೆ ತುಂಬಿಸಿದ ಲೀಟರ್ ಕೊಟ್ಟರೆ ನಷ್ಟ ಬರುತ್ತದೆ. ಹವಾಮಾನದ ಅಂಕಿ ಮಾತ್ರ ನಮ್ಮೂರಿನದನ್ನೇ ಹಾಕಿ. ಬೆಂಗಳೂರಿನದು ಹಾಕಿದ ವರದಿಗಳು ರಾಯಚೂರಿನ ನಷ್ಟವನ್ನು ತಣ್ಣಗೆ ಕಡಿಮೆ ತೋರಿಸುತ್ತವೆ. ಸೂತ್ರ ಟ್ಯಾಂಕು ಸುಸ್ಥಿತಿಯಲ್ಲಿದೆ ಎಂದು ನಂಬಿಕೊಂಡಿರುತ್ತದೆ. ಹ್ಯಾಚ್ ತೆರೆದೇ ಇಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದನ್ನು ಮೀಟರೇ ಹೇಳಬೇಕು.

ಡಿಪ್ ಹಾಕಿ ಸ್ಟಾಕ್ ಲೆಕ್ಕ ನೋಡಿದ್ರ ಸಾಲದಾ? ಎಷ್ಟು ಕಮ್ಮಿ ಬಂತೋ ಅಷ್ಟು ಹಾರಿತು.

ತಿಂಗಳ ಲೆಕ್ಕಕ್ಕೆ ಸಾಕು. ಒಂದು ಟನ್ ತೌಡಿಗೆ ಎಷ್ಟು ಲೀಟರ್ ಹೆಕ್ಸೇನ್ ಹೋಯಿತು ಎಂದು ಪ್ಲಾಂಟಿನವರು ನೋಡುವುದು ಹೀಗೆಯೇ. ದಿನದ ಲೆಕ್ಕಕ್ಕೆ ಬರದು. 6 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಡಿಪ್ ಕೋಲಿನ 1 ಮಿಲಿಮೀಟರ್ ಎಂದರೆ 28 ಲೀಟರ್. 50 ಸಾವಿರ ಲೀಟರ್ ಹೆಕ್ಸೇನ್ 5 ಡಿಗ್ರಿ ಕಾದರೆ ಹಿಗ್ಗಿಯೇ ಸುಮಾರು 350 ಲೀಟರ್ ಹೆಚ್ಚು ಕಾಣುತ್ತದೆ. ಟ್ಯಾಂಕರ್ ಇಳಿಸುವಾಗ ಹಾರಿದ 20 ಕೆಜಿ, ಅಂದರೆ 30 ಲೀಟರ್, ಇದರೊಳಗೆ ಮುಚ್ಚಿಹೋಗುತ್ತದೆ.

ಗ್ಯಾಸ್ ಕ್ಯಾಮೆರಾದಲ್ಲಿ ಹೊಗೆ ಹಾಗೆ ಕಾಣುತ್ತಂತೆ. ಅದೇ ತರಿಸಿದರೆ ಸಾಕಲ್ಲವೇ?

ಕಾಣುತ್ತದೆ. ಹೈಡ್ರೋಕಾರ್ಬನ್ನುಗಳು ಹೀರುವ 3.2ರಿಂದ 3.4 ಮೈಕ್ರಾನಿನ ಅವಗೆಂಪು ಬೆಳಕನ್ನು ಈ ಕ್ಯಾಮೆರಾ ನೋಡುತ್ತದೆ. ಛಾವಣಿಗೆ ಹತ್ತದೆ ದೂರದಿಂದಲೇ ಯಾವ ಹ್ಯಾಚು, ಯಾವ ವಾಲ್ವು ಎಂದು ತೋರಿಸುತ್ತದೆ, ಮ್ಯಾನೇಜರಿಗೆ ವಾದಿಸಲು ಏನೂ ಉಳಿಯುವುದಿಲ್ಲ. ಬೆಲೆ ಹತ್ತಾರು ಲಕ್ಷ, ಬಾಡಿಗೆಗೆ ತರುವುದೇ ವಾಸಿ.

ಎರಡು ಮಿತಿ. ಆವಿಗೂ ಅದರ ಹಿಂದಿನ ಹಿನ್ನೆಲೆಗೂ ಬಿಸಿಯಲ್ಲಿ ಅಂತರ ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಒಂದೇ ಸೋರಿಕೆ ಟ್ಯಾಂಕಿನ ಗೋಡೆಯ ಮುಂದೆ ಮಾಯವಾಗಿ, ಎರಡು ಹೆಜ್ಜೆ ಸರಿದು ಆಕಾಶದ ಮುಂದೆ ನೋಡಿದಾಗ ಕಪ್ಪು ಎಳೆಯಾಗಿ ಕಂಡೀತು. ಮೂರು ಕೋನದಿಂದ ನೋಡದೆ "ಇಲ್ಲ" ಎನ್ನಬೇಡಿ. ಇನ್ನೊಂದು, ಚಿತ್ರದಲ್ಲಿ ದೊಡ್ಡದಾಗಿ ಕಂಡದ್ದು ಕೆಜಿಯಲ್ಲೂ ದೊಡ್ಡದು ಎಂದೇನಿಲ್ಲ. ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ಈ ಕ್ಯಾಮೆರಾಕ್ಕೆ ಸಿಗುವುದಿಲ್ಲ.

ತೇಲುವ ಛಾವಣಿಯ ಟ್ಯಾಂಕಿಗೆ ವೆಂಟೇ ಇಲ್ಲವಲ್ಲ, ಎಲ್ಲಿ ಅಳೆಯಬೇಕು?

ಛಾವಣಿ ದ್ರವದ ಮೇಲೇ ತೇಲುವುದರಿಂದ ಆವಿಗೆ ಜಾಗ ಇಲ್ಲ. ಹೋಗುವುದು ಅಂಚಿನ ಸೀಲಿನಿಂದ, ಛಾವಣಿ ತಿರುಗದಂತೆ ಹಿಡಿಯುವ ಗೈಡ್ ಪೋಲಿನ ತೂತುಗಳಿಂದ. ಗಾಳಿ ಜೋರಾದಷ್ಟೂ ಸೀಲಿನ ಸಂದಿಯಿಂದ ಹೆಚ್ಚು ಎಳೆದುಕೊಳ್ಳುತ್ತದೆ. ಸೀಲಿಗೂ ಗೋಡೆಗೂ ನಡುವಿನ ಸಂದಿಯನ್ನು ಅಳತೆಪಟ್ಟಿ ತೂರಿಸಿ ಸುತ್ತಲೂ ನೋಡುವುದೇ ಇಲ್ಲಿ ಮುಖ್ಯ ಪರೀಕ್ಷೆ. ಒಳತೇಲುವ ಛಾವಣಿಯಾದರೆ (ಅದರ ಮೇಲೆ ಸ್ಥಿರ ಛಾವಣಿಯೂ ಇರುತ್ತದೆ) ಮೇಲಿನ ಮ್ಯಾನ್‌ಹೋಲಿನಿಂದ ಕೊಳವೆ ಬಿಟ್ಟು ಎಲ್‌ಇಎಲ್ ನೋಡಿ. ತಿಂಗಳಿಂದ ತಿಂಗಳಿಗೆ ಏರುತ್ತ ಹೋದರೆ ಸೀಲ್ ಸವೆದಿದೆ.

ಸ್ಯಾಟಲೈಟಿನಿಂದ, ಡ್ರೋನಿನಿಂದ ಈಗ ಎಲ್ಲ ಕಾಣ್ತದಂತಲ್ಲ?

2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹ ಮೀಥೇನ್ ನೋಡುತ್ತದೆ, ಆದರೆ ಅದರ ಒಂದೊಂದು ಚೌಕ ಹಲವು ಕಿಲೋಮೀಟರ್ ಅಗಲ. ಒಂದು ಟ್ಯಾಂಕ್ ಅದರಲ್ಲಿ ಲೆಕ್ಕಕ್ಕಿಲ್ಲ. ಗಾಳಿ ಹೋಗುವ ಕಡೆ ಅಡ್ಡಲಾಗಿ ಲೇಸರ್ ಮೀಟರ್ ಕಟ್ಟಿದ ಡ್ರೋನ್ ಹಾರಿಸಿ, ಗಾಳಿಯ ವೇಗದಿಂದ ಗುಣಿಸಿ ಕೆಜಿ ತೆಗೆಯುವ ಕ್ರಮ ಒಳ್ಳೆಯದು. ಸ್ಥಿರವಾದ ಗಾಳಿ ಬೇಕು, ಹಾರಿಸಲು ಅನುಮತಿ ಬೇಕು.

ಮಂಡಳಿಗೆ ದೂರು ಕೊಟ್ರ "ಎಲ್ಲಾ ಮಿತಿಯೊಳಗ ಐತಿ" ಅಂತಾರ. ಏನು ಕೇಳಬೇಕು?

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಮೂರೂ ಜಿಲ್ಲೆಗಳಲ್ಲಿವೆ. ಮೂರು ವಿಷಯ ಕೇಳಿ: ಯಾವ ಗ್ಯಾಸನ್ನು ಅಳೆದಿರಿ, ಯಾವ ಗಂಟೆಯಲ್ಲಿ, ಆಗ ಗಾಳಿ ಯಾವ ಕಡೆಗಿತ್ತು? ಧೂಳು, ಗಂಧಕದ ಡೈಆಕ್ಸೈಡ್ ಅಳೆದು ಸಾಲ್ವೆಂಟ್ ವಾಸನೆಗೆ ಉತ್ತರ ಕೊಡುವುದು ಅಪರೂಪವಲ್ಲ. ಗಾಳಿ ಊರಿನಿಂದ ಕಾರ್ಖಾನೆಯ ಕಡೆಗೆ ಬೀಸುವಾಗ ಅಳೆದರೆ ಮಿತಿಯೊಳಗೇ ಇರುತ್ತದೆ. ನಿಮ್ಮ ನೋಟ್‌ಬುಕ್ಕಿನ ನಕಲು ದೂರಿಗೆ ಲಗತ್ತಿಸಿ. ಕಾರ್ಖಾನೆಗೆ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು. ಪೆಟ್ರೋಲ್, ಹೆಕ್ಸೇನ್‌ನಂಥ ಬೇಗ ಹೊತ್ತುವ ದ್ರವಗಳ ಟ್ಯಾಂಕಿಗೆ ಪರವಾನಗಿ ಕೊಡುವುದು ಕೇಂದ್ರದ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಒಳಗಿನ ಕಾರ್ಮಿಕರ ವಿಷಯವಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಉಸಿರು ಕಟ್ಟುವಷ್ಟಾದರೆ ಪತ್ರ ಬರೆಯುತ್ತ ಕೂರಬೇಡಿ, 112ಕ್ಕೆ ಫೋನ್ ಮಾಡಿ.

ನಷ್ಟ ಕಡಿಮೆ ಮಾಡೋಕೆ ಮೊದಲು ಎಲ್ಲಿ ದುಡ್ಡು ಹಾಕಬೇಕು?

ಟ್ಯಾಂಕರ್ ಇಳಿಸುವ ಕಡೆ. ಟ್ಯಾಂಕಿನ ವೆಂಟಿನಿಂದ ಟ್ಯಾಂಕರಿನ ಮೇಲ್ಭಾಗಕ್ಕೆ ಒಂದು ಆವಿ ಮರಳಿಸುವ ಪೈಪು ಜೋಡಿಸಿದರೆ, ದ್ರವ ಇತ್ತ ಬಂದಂತೆ ಆವಿ ಅತ್ತ ಹೋಗುತ್ತದೆ. ಹೊಸ ಯಂತ್ರ ಬೇಡ. ನೆಲದ ಮೇಲಿನ ಟ್ಯಾಂಕಾದರೆ ಬಿಳಿ ಬಣ್ಣ. ಮಾಸಿದ, ತುಕ್ಕು ಬಣ್ಣದ ಟ್ಯಾಂಕ್ ಹೀರುವ ಬಿಸಿಲಿನ ಒಂದು ಸಣ್ಣ ಪಾಲನ್ನಷ್ಟೇ ಬಿಳಿ ಟ್ಯಾಂಕ್ ಹೀರುತ್ತದೆ. ಅದಿರಿನ ಧೂಳು ಕೂತರೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ, ಆಗಾಗ ತೊಳೆಸಿ. ಬ್ರೀದರ್ ವಾಲ್ವನ್ನು ಬೇಸಿಗೆಗೆ ಮೊದಲು ಬಿಚ್ಚಿ ಸ್ವಚ್ಛ ಮಾಡಿಸಿ. ಕಂಡೆನ್ಸರ್, ನೈಟ್ರೋಜನ್ ಇತ್ಯಾದಿ ಆಮೇಲಿನ ಮಾತು.

ವರದಿಯಲ್ಲಿ ವರ್ಷಕ್ಕೆ 1,843 ಕೆಜಿ ಎಂದು ಬರೆದಿದ್ದೀರಿ ಎಂದಿಟ್ಟುಕೊಳ್ಳೋಣ. ಆ 3 ಕೆಜಿಯನ್ನು ಹೇಗೆ ನಂಬುವುದು?

ನಂಬಬೇಡಿ, ನಾನು ಹಾಗೆ ಬರೆಯುವುದೂ ಇಲ್ಲ. ಸೂತ್ರದಿಂದ ತೆಗೆದ ಸಂಖ್ಯೆಯಾದರೆ "ಸುಮಾರು 1,800, ಆಚೀಚೆ ಇಷ್ಟು" ಎಂದು ಬರೆದು, ಯಾವ ಊರಿನ ಹವೆ, ಟ್ಯಾಂಕಿನ ಯಾವ ಬಣ್ಣ, ಎಷ್ಟು ಲೀಟರ್ ಹಿಡಿದೆ ಎಂದು ಕೆಳಗೆ ನಮೂದಿಸುತ್ತೇನೆ. ವರ್ಷದ ಒಟ್ಟು ಮೊತ್ತದ ಜೊತೆ ಅತಿ ಹೆಚ್ಚು ಹೋಗುವ ತಾಸಿನದೂ ಬೇರೆ ಇರಬೇಕು. ಪಕ್ಕದ ಓಣಿಯವರ ಕಣ್ಣುರಿಗೆ, ಬೆಂಕಿಯ ಅಪಾಯಕ್ಕೆ ಸಂಬಂಧಪಟ್ಟದ್ದು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಟ್ಯಾಂಕರ್ ಇಳಿಸುವ ಆ ಮುಕ್ಕಾಲು ತಾಸು. ವಾರ್ಷಿಕ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.